ಯಾವ ಕಂಪ್ಯೂಟರಿನ ಮುಂದೆ ಕೂತರೂ

ಕಳೆದ ತಿಂಗಳು ನಮ್ಮ ಸಹಕಾರಿ ಸಂಘದ ಕೆಲಸಕ್ಕೆಂದು ಪುತ್ತೂರಿನಿಂದ ಬೆಂಗಳೂರಿನ ಬಸ್ಸು ಹತ್ತಿದ್ದೆ. ನೆಲ್ಯಾಡಿಯಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ರಬ್ಬರ್ ಶೀಟು ತುಂಬಿದ ಪಿಕಪ್ಪೊಂದು ಬಂದು ನಿಂತಿತು. ಕಿಟಕಿಯಿಂದ ವಾಸನೆ ಒಳಗೆ ನುಗ್ಗಿತು. ರಬ್ಬರ್ ಶೀಟಿನ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಹುಳಿ ಬಂದ ಹಾಲು, ಹೊಗೆಗೂಡು, ಒದ್ದೆ ಚಪ್ಪಲಿ... ಎಲ್ಲ ಒಟ್ಟಿಗೆ ಸೇರಿದ ಹಾಗೆ. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿ ತೆರೆದೆ. ನಮ್ಮ ಕಂಪ್ಯೂಟರ್ ಟೀಚರ್ ಕ್ಲಾಸಿಗೆ ಬಂದರು ಎನ್ನಿಸಿತು.

ಅವರು ನೆಲ್ಯಾಡಿಯವರು. ಕೇರಳದಿಂದ ಬಂದು ನೆಲೆಸಿದ ಕುಟುಂಬ. ಬೆಳಗ್ಗೆ ಎದ್ದು ಮನೆಯ ರಬ್ಬರ್ ಮರಗಳಿಗೆ ಕತ್ತಿಯಾಡಿಸಿ, ಸ್ನಾನ ಮಾಡಿ, ಸ್ಕೂಟರ್ ಏರಿ ಕಡಬದ ಕಡೆಗಿದ್ದ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಎಷ್ಟು ಸೋಪು ಹಾಕಿದರೂ ಆ ವಾಸನೆ ಅವರ ಬ್ಯಾಗಿನಿಂದ, ರೇನ್‌ಕೋಟಿನಿಂದ ಹೋಗುತ್ತಿರಲಿಲ್ಲ. ಮಕ್ಕಳು ಹಿಂದಿನಿಂದ ‘ರಬ್ಬರ್ ಟೀಚರ್’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಕ್ಲಾಸಿನಲ್ಲಿ ಯಾರೋ ಮೂಗು ಹಿಡಿದದ್ದನ್ನು ಕಂಡು, “ಎಂತ, ನನ್ನ ಸೆಂಟು ಇಷ್ಟ ಆಗ್ಲಿಲ್ವಾ? ನೆಲ್ಯಾಡಿ ಸ್ಪೆಶಲ್” ಎಂದು ಪಾಠ ಮುಂದುವರಿಸಿದ್ದರು. ಓದಿದ್ದೆಲ್ಲ ಕೇರಳದ ಚಿಕ್ಕಮ್ಮನ ಮನೆಯಲ್ಲಾದ್ದರಿಂದ ಅವರ ಕನ್ನಡದಲ್ಲಿ ಮಲಯಾಳದ ರಾಗ ಇತ್ತು. ಸಿಟ್ಟು ಬೇಗ ಬರುತ್ತಿತ್ತು, ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ‘ಟೀಚರ್’ ಎಂದು ಕರೆದರೆ ಸಾಕು, “ಆಂ, ಬಾ ಮೋಳೇ” ಎನ್ನುತ್ತಿದ್ದರು. ಹುಡುಗಿಯರೆಲ್ಲ ಅವರಿಗೆ ‘ಮೋಳೇ’, ಅಂದರೆ ಮಗಳೇ. ನಮ್ಮ ಬ್ಯಾರಿ ಮನೆಯಲ್ಲಿ ಉಮ್ಮ ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಹಾಗಾಗಿ ಅವರು ಬೈದರೂ ನನಗೆ ಮನೆಯಲ್ಲೇ ಬೈಸಿಕೊಂಡ ಹಾಗಿರುತ್ತಿತ್ತು.

ನನ್ನ ಕಣ್ಣು ಕೆಡತೊಡಗಿದ್ದು ಎಂಟನೆಯ ತರಗತಿಯಲ್ಲಿ. ಕತ್ತಲಾಗುವ ಬಗೆಯದಲ್ಲ ಅದು. ಯಾವುದನ್ನು ನೇರವಾಗಿ ನೋಡುತ್ತೇನೋ ಅದೇ ಅಳಿಸಿಹೋಗುತ್ತಿತ್ತು. ಯಾರ ಮುಖ ನೋಡಿದರೂ ಮುಖವಿರುವ ಜಾಗದಲ್ಲಿ ಮಂಜು. ಅವರ ಕಿವಿಯ ಓಲೆ, ಭುಜ, ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ ಚೆನ್ನಾಗಿ ಕಾಣುತ್ತಿದ್ದವು. ಪುಸ್ತಕದ ಸಾಲಿನ ನಡುವೆ ತೂತು ಬಿದ್ದ ಹಾಗೆ. ಬಾಪ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಕನ್ನಡಕದಿಂದ ಸರಿಯಾಗುವಂಥದ್ದಲ್ಲ, ಪೂರ್ತಿ ಹೋಗುವಂಥದ್ದೂ ಅಲ್ಲ, ಇದರೊಂದಿಗೇ ಬದುಕಬೇಕು ಎಂದರು ಡಾಕ್ಟರು.

ಒಂಬತ್ತನೆಯ ತರಗತಿ ಶುರುವಾದಾಗ ಹೆಡ್ಮಾಸ್ಟ್ರು ಬಾಪನನ್ನು ಕರೆಸಿದರು. ಅವರು ಕೆಟ್ಟವರಲ್ಲ. ನಾನು ಕರಿಹಲಗೆ ಕಾಣದೆ ಕಷ್ಟಪಡುವುದನ್ನು ನೋಡಲಾಗದೆ ಕರೆಸಿದ್ದು. ದೂರದ ಊರಿನಲ್ಲಿ ಕಣ್ಣು ಕಾಣದ ಮಕ್ಕಳಿಗೆಂದೇ ವಸತಿ ಶಾಲೆ ಇದೆ, ಅಲ್ಲಿ ಸೇರಿಸಿದರೆ ಒಳ್ಳೆಯದು ಎಂದರು.

“ಇಲ್ಲಿ ಇವಳಿಗೆ ಎಂತ ಕಲಿಸ್ಲಿಕ್ಕೆ ಆಗ್ತದೆ ನಮ್ಮಿಂದ? ಅಲ್ಲಿ ಅದಕ್ಕೇ ಅಂತ ಟೀಚರ್ಸ್ ಉಂಟು.”

ಬಾಪ ಟೊಪ್ಪಿ ತೆಗೆದು, ಮತ್ತೆ ಹಾಕಿಕೊಂಡು, “ಈ ವರ್ಷ ಒಂದು ನೋಡುವ ಮಾಸ್ಟ್ರೆ” ಎಂದರು. ಮನೆಯಲ್ಲಿ ಉಮ್ಮ ಅತ್ತರು. ನನಗೆ ಹೋಗಲು ಒಂದಿಷ್ಟೂ ಮನಸ್ಸಿರಲಿಲ್ಲ. ನನ್ನ ಗೆಳತಿಯರು, ನಮ್ಮ ಅಂಗಡಿ, ಉಮ್ಮ ಹೊಯ್ದು ಕೊಡುವ ಬಿಸಿ ಓಡು ದೋಸೆ, ಎಲ್ಲ ಇಲ್ಲಿ... ನಾನು ಮಾತ್ರ ಅಲ್ಲಿ ಹೋಗಿ ಎಂತ ಮಾಡುವುದು?

ನಮ್ಮ ಶಾಲೆಗೆ ಕಂಪ್ಯೂಟರುಗಳು ಬಂದದ್ದು ಗಲ್ಫಿನಲ್ಲಿದ್ದ ಹಳೆ ವಿದ್ಯಾರ್ಥಿಗಳಿಂದ. ಎಲ್ಲಿಯೋ ಆಫೀಸುಗಳಲ್ಲಿ ದುಡಿದು ಹಳತಾದವು. ಕೆಲವಕ್ಕೆ ದಪ್ಪ ಪರದೆ, ಕೆಲವಕ್ಕೆ ತೆಳು. ಎಲ್ಲವನ್ನೂ ಒಂದೇ ಜಾಲಕ್ಕೆ ಹೊಂದಿಸಿ ಟೀಚರ್ ಮೂಲೆಯ ಮೇಜಿನಲ್ಲಿ ಒಂದು ಸರ್ವರ್ ಇಟ್ಟಿದ್ದರು. ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ಆದರೆ ಯಾರ ಹೆಸರಿನಲ್ಲಿ ತೆರೆದಿತ್ತೋ ಅದರಲ್ಲೇ ಮುಂದಿನವರೂ ಕೂರುತ್ತಿದ್ದರು, ಪರದೆಯ ಮೇಲೆ ಏನು ಕಾಣಬೇಕು ಎಂಬುದಕ್ಕೆ ಲಗಾಮಿರಲಿಲ್ಲ. ಬಂದವರೆಲ್ಲ ಐಕಾನುಗಳನ್ನು ಎಳೆದಾಡುತ್ತಿದ್ದರು. ಒಂದು ಕಂಪ್ಯೂಟರಿನಲ್ಲಿ ಬರೆಯುವ ಪ್ರೋಗ್ರಾಮು ಎಡಗಡೆ, ಇನ್ನೊಂದರಲ್ಲಿ ಕೆಳಗೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಹಿನ್ನೆಲೆಯಲ್ಲಿ ಬೈಕುಗಳು, ಕ್ರಿಕೆಟ್ ಆಟಗಾರರು, ಜಲಪಾತಗಳು.

ನಾನು ಒಂದು ವಾರ ಕಷ್ಟಪಟ್ಟು ಯಾವುದು ಎಲ್ಲಿದೆ ಎಂದು ನೆನಪಿಟ್ಟುಕೊಂಡರೆ ಮುಂದಿನ ವಾರ ಅದು ಬೇರೆಲ್ಲಿಗೋ ಹೋಗಿರುತ್ತಿತ್ತು. ಮೌಸಿನ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದೆ. ದೂರದಿಂದ ನೋಡುವವರಿಗೆ ಏನೋ ಮಾಡುತ್ತಿದ್ದಾಳೆ ಎನ್ನಿಸಬೇಕು, ಹಾಗೆ. ಒಂದು ದಿನ ಟೀಚರ್ ಬೆನ್ನ ಹಿಂದೆಯೇ ಬಂದು ನಿಂತರು. ವಾಸನೆಯಿಂದ ಗೊತ್ತಾಯಿತು.

“ಮೋಳೇ, ಆಗಿನಿಂದ ಎಂತ ಮಾಡ್ತಾ ಇದ್ದಿ? ಇನ್ನೂ ತೆಗಿಲಿಲ್ವಾ?”

“ಕಾಣುದಿಲ್ಲ ಟೀಚರ್.”

ಆ ಮಾತನ್ನು ನಾನು ಶಾಲೆಯಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಅಯ್ಯೋ ಪಾಪ ಎನ್ನಲಿಲ್ಲ. “ಎಷ್ಟು ದೊಡ್ಡದಾದ್ರೆ ಕಾಣ್ತದೆ?” ಎಂದು ಕೇಳಿ, ಅಲ್ಲಿಯೇ ಅಕ್ಷರವನ್ನು ಹಿಗ್ಗಿಸುತ್ತಾ ಹೋದರು. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚುತ್ತದೆ ಎಂದೆ. ಕಪ್ಪು ಮಾಡಿದರು. ಮಂಜಿನ ಅಂಚಿನಿಂದ ಓರೆಯಾಗಿ ನೋಡಿದಾಗ ‘ಕ’ ಎಂಬ ಅಕ್ಷರ ಇಡಿಯಾಗಿ ಕಂಡಿತು. ಎಷ್ಟೋ ತಿಂಗಳ ಮೇಲೆ ಒಂದು ಇಡೀ ಅಕ್ಷರ...

ಮರುದಿನವೇ ಕಿಟಕಿಯ ಹತ್ತಿರದ ಒಂದು ಕಂಪ್ಯೂಟರನ್ನು ನನಗೆಂದು ತಯಾರು ಮಾಡಿದರು. ದೊಡ್ಡ ಅಕ್ಷರ, ಕಪ್ಪು ಹಿನ್ನೆಲೆ. ನಾನು ಅದರಲ್ಲಿ ಪಾಠದ ಒಂದು ಪುಟವನ್ನು ಓದಿದೆ. ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ನಾನಿಲ್ಲದಾಗ ಬೇರೆಯವರು ಕೂತು ಎಲ್ಲ ಬದಲಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಒಂದು ದಿನ ಆ ಮೇಜಿನ ಮೇಲೆ ಯಾರೋ ಚಾಕಿನಿಂದ ದೊಡ್ಡದಾಗಿ ‘ಕುರುಡಿ ಸೀಟು’ ಎಂದು ಬರೆದಿದ್ದರು. ನನಗೆ ಓದಲು ಆಗುವಷ್ಟೇ ದೊಡ್ಡದಾಗಿ ಬರೆದಿದ್ದರು. ನಾನು ಅದನ್ನು ಕೈಯಿಂದ ಒರಸಿದೆ, ಹಿಂದಿನ ಸಾಲಿಗೆ ಹೋಗಿ ಕೂತೆ.

ಟೀಚರಿಗೆ ಸಿಟ್ಟು ಬಂತು. “ನಿನಗೋಸ್ಕರ ಮಾಡಿದ್ದಲ್ವಾ? ಅಲ್ಲಿ ಕೂತ್ಕೊ.”

“ಬೇಡ ಟೀಚರ್.”

“ಯಾಕೆ ಬೇಡ?”

“ನನಗೆ ಬೇರೆ ಬೇಡ. ಎಲ್ಲರ ಹಾಗೆ ಎಲ್ಲಿ ಬೇಕಾದ್ರೂ ಕೂರ್ಬೇಕು.”

ಅವರು ಕೀಬೋರ್ಡನ್ನು ದಡಕ್ಕನೆ ಒಳಗೆ ತಳ್ಳಿ ಮುಂದಿನ ಸಾಲಿಗೆ ಹೋದರು. ಆ ದಿನವಿಡೀ ನನ್ನೊಡನೆ ಮಾತಾಡಲಿಲ್ಲ.

ಕಡಬದ ಪೇಟೆಯಲ್ಲಿ ನಮ್ಮದು ಪೈಪಿನ ಅಂಗಡಿ. ತೋಟಗಳಿಗೆ ನೀರು ಬಿಡುವ ಪೈಪು, ಬೆಂಡು, ಟೀ, ವಾಲ್ವು, ಸ್ಪ್ರಿಂಕ್ಲರಿನ ಜೆಟ್ಟು, ಇಂಥವು. ಅದೇ ವಾರದ ಶನಿವಾರ ಬಾಪ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು, ನಾನು ಅಂಗಡಿಯಲ್ಲಿದ್ದೆ. ಸ್ಕೂಟರ್ ನಿಂತ ಸದ್ದಾಯಿತು. ಟೀಚರ್! ನನ್ನನ್ನು ನೋಡಿ ಅವರಿಗೂ ಆಶ್ಚರ್ಯ. ಮನೆಯ ಟ್ಯಾಂಕಿನ ಪೈಪು ಒಡೆದಿದೆಯೆಂದು ಒಂದು ಬೆಂಡು, ಒಂದು ಸಾಕೆಟ್ಟು, ಒಂದು ವಾಲ್ವು ಕೇಳಿದರು. ನಾನು ಹಿಂದಿನ ಗೋಡೆಯ ಗೂಡುಗಳಿಂದ ಒಂದೊಂದನ್ನೇ ತೆಗೆದು ಮುಂದಿಟ್ಟೆ. ಅಷ್ಟರಲ್ಲಿ ಇನ್ನೊಬ್ಬರು ಬಂದು ರೆಡ್ಯೂಸರ್ ಕೇಳಿದರು. ಅವರೊಡನೆ ಮಾತಾಡುತ್ತಲೇ ಕೈ ಹಿಂದೆ ಚಾಚಿ ಅದನ್ನೂ ಕೊಟ್ಟೆ.

ಅವರು ಹೋದ ಮೇಲೆ ಟೀಚರ್ ಮೆಲ್ಲನೆ ಕೇಳಿದರು: “ಇದೆಲ್ಲ ಹೇಗೆ ಕಂಡಿತು ನಿನಗೆ?”

“ಕಾಣ್ಲಿಲ್ಲ ಟೀಚರ್. ನೋಡುದೇ ಇಲ್ಲ. ಬಾಪ ಯಾವುದರ ಜಾಗವನ್ನೂ ಬದಲು ಮಾಡುದಿಲ್ಲ.”

ಟೀಚರ್ ನಿಂತೇ ಇದ್ದರು. ಗೂಡುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದರು ಎಂದು ತಲೆ ಆಡಿದ್ದರಿಂದ ಗೊತ್ತಾಯಿತು. ಆಮೇಲೆ “ದೇವರೇ, ಇಷ್ಟೇ ಅಲ್ವಾ!” ಎಂದು ಹೇಳಿ ಸ್ಕೂಟರ್ ಹತ್ತಿ ಹೊರಟೇ ಬಿಟ್ಟರು. ಬೆಂಡು, ಸಾಕೆಟ್ಟು, ವಾಲ್ವು ಮೇಜಿನ ಮೇಲೆಯೇ ಉಳಿದವು. ಬಾಪ ಬಂದು, “ಯಾರದ್ದು ಇದು?” ಎಂದು ಕೇಳಿದರು.

ಸೋಮವಾರ ಕ್ಲಾಸಿನಲ್ಲಿ ಅವರು ‘ಡಿಫಾಲ್ಟ್’ ಎಂಬ ಪದವನ್ನು ಹಲಗೆಯ ಮೇಲೆ ಬರೆದರು. ಅವರು ವಿವರಿಸಿದ ರೀತಿ ಇನ್ನೂ ನೆನಪಿದೆ. “ಯಾರೂ ಏನೂ ಹೇಳದಿದ್ರೆ ಕಂಪ್ಯೂಟರ್ ತನ್ನಷ್ಟಕ್ಕೆ ಎಂತ ತೋರಿಸ್ತದೋ ಅದು ಡಿಫಾಲ್ಟ್. ನಮ್ಮದು ಸರಿ ಇಲ್ಲ. ಇನ್ನು ನಾವೇ ಹೇಳಿಕೊಡುವ, ಎಂತ ತೋರಿಸ್ಬೇಕು ಅಂತ. ಇಡೀ ಶಾಲೆಗೆ ಒಂದೇ. ಯಾವ ಕಂಪ್ಯೂಟರಿನ ಮುಂದೆ ಯಾರು ಕೂತ್ರೂ ಎಲ್ಲ ಅಲ್ಲಲ್ಲೇ ಇರ್ಬೇಕು.”

ಪರದೆಗೆ ನಾಲ್ಕು ಮೂಲೆ. ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಐಕಾನು, ಪ್ರತಿಯೊಂದಕ್ಕೂ ಕಪ್ಪು ಚೌಕದಲ್ಲಿ ಕನ್ನಡದ ಹೆಸರು. ಕೆಳಗಿನ ಮೂಲೆಗಳು ಖಾಲಿಯಾಗಲೆಂದು ಅಲ್ಲಿದ್ದ ಉದ್ದದ ಪಟ್ಟಿಯನ್ನು ಕುಗ್ಗಿಸಿ ನಡುವೆ ತಂದರು. ಮೂಲೆಯನ್ನೇ ಯಾಕೆ ಆರಿಸಿದರೆಂದು ನನಗೆ ಕೂಡಲೇ ಅರ್ಥವಾಯಿತು. ನನ್ನ ಕಣ್ಣಿಗೆ ಕಾಣುವುದೇ ಅಂಚು. ಅಷ್ಟೇ ಅಲ್ಲ, ಮೌಸನ್ನು ಕಣ್ಣು ಮುಚ್ಚಿ ಒಂದು ಕಡೆಗೆ ತಳ್ಳಿದರೂ ಅದು ಮೂಲೆಗೆ ಹೋಗಿ ನಿಲ್ಲುತ್ತದೆ, ಆಚೆ ಹೋಗಲು ಜಾಗವೇ ಇಲ್ಲ. ಆದರೆ ಟೀಚರ್ ನನ್ನ ಹೆಸರನ್ನು ಎತ್ತಲೇ ಇಲ್ಲ. “ಎಲ್ಲರಿಗೂ ಸುಲಭ” ಎಂದಷ್ಟೇ ಹೇಳಿದರು.

ಹೆಸರುಗಳ ಬಗ್ಗೆ ಒಂದು ಪಿರಿಯಡ್ ಪೂರ್ತಿ ಜಗಳವಾಯಿತು. ತಮ್ಮ ಕನ್ನಡದ ಮೇಲೆ ತಮಗೇ ನಂಬಿಕೆಯಿಲ್ಲದ್ದರಿಂದ ಟೀಚರ್ ನಮ್ಮನ್ನು ಕೇಳಿದರು. ‘ಪದಸಂಸ್ಕಾರಕ’ ಎಂದರು ಯಾರೋ ಬುದ್ಧಿವಂತರು. “ಅದು ಓದುವಾಗ ಬೆಲ್ಲು ಹೊಡೀತದೆ” ಎಂದು ಎಲ್ಲರೂ ನಕ್ಕರು. ಕೊನೆಗೆ ‘ಬರೆ’, ‘ಓದು’, ‘ಲೆಕ್ಕ’, ‘ಚಿತ್ರ’ ಎಂದು ತೀರ್ಮಾನವಾಯಿತು. ಎಡಗಡೆ ಮೇಲೆ ‘ಬರೆ’. ಬಲಗಡೆ ಕೆಳಗೆ ‘ಓದು’. ನನ್ನ ಮಟ್ಟಿಗೆ ಅವು ಇಂದಿಗೂ ಅಲ್ಲೇ ಇವೆ.

ಟೀಚರ್ ಸರ್ವರಿನಲ್ಲಿ ಆ ಮಾದರಿಯನ್ನು ಕೂರಿಸಿದರು. ನಾವೆಲ್ಲ ಲಾಗಿನ್ ಆದೆವು. ಏನೂ ಬದಲಾಗಲಿಲ್ಲ. ಅದೇ ಬೈಕು, ಅದೇ ಜಲಪಾತ. ಹುಡುಗರು ಹೋ ಎಂದರು. ಟೀಚರ್ ಮುಖ ಕೆಂಪಾಗಿತ್ತಂತೆ, ಗೆಳತಿ ಹೇಳಿದಳು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅವರಿಗೆ ಹೊಳೆಯಿತು: ಮಾದರಿ ಸಿಗುವುದು ಹೊಸದಾಗಿ ಒಳಗೆ ಬರುವವರಿಗೆ ಮಾತ್ರ. ಹಳಬರು ತಮ್ಮ ಹಳೆಯ ಪರದೆಯನ್ನೇ ಹೊತ್ತುಕೊಂಡು ಬರುತ್ತಾರೆ. ಅಂದರೆ ಎಲ್ಲರ ಹಳೆಯ ಪರದೆಗಳನ್ನೂ ಅಳಿಸಬೇಕು. ಮಕ್ಕಳ ಬರಹಗಳನ್ನೆಲ್ಲ ಬೇರೆ ಕಡೆ ಭದ್ರವಾಗಿಟ್ಟು, ಅವರು ಅಳಿಸಿಯೇ ಬಿಟ್ಟರು.

ಮರುದಿನ ಗಲಾಟೆಯೋ ಗಲಾಟೆ. “ಟೀಚರ್, ನಮ್ಮ ಬೈಕ್ ಎಲ್ಲಿ?” ಎಂದು ನಮ್ಮ ಕ್ಲಾಸ್ ಲೀಡರ್ ಎದ್ದು ನಿಂತ. ಅವನ ಹಿಂದೆ ಅರ್ಧ ಕ್ಲಾಸು. ಸುದ್ದಿ ಮನೆಗಳಿಗೂ ಹೋಯಿತು. ಪೋಷಕರ ಸಭೆಯಲ್ಲಿ ಲೀಡರನ ಅಪ್ಪ, ತೋಟ ಮತ್ತು ಲಾರಿ ಇದ್ದ ದೊಡ್ಡ ಕುಳ, ಎದ್ದು ಕೇಳಿದರು: “ಒಬ್ಬರಿಗೆ ಕಣ್ಣು ಸರಿ ಇಲ್ಲ ಅಂತ ಎಲ್ಲರದ್ದು ಯಾಕೆ ಬದಲು ಮಾಡುದು ಮಾರಾಯ್ರೆ? ಅವಳಿಗೆ ಬೇರೆ ಒಂದು ಕೊಟ್ರೆ ಆಯ್ತಲ್ಲ?”

ಬಾಪ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹೆಡ್ಮಾಸ್ಟ್ರು ಟೀಚರ್ ಕಡೆ ನೋಡಿದರು.

ಟೀಚರ್ ಎದ್ದರು. ಅವರಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. “ಬೇರೆ ಕೊಟ್ಟು ನೋಡಿದ್ದೇನೆ. ಸರಿ ಆಗ್ಲಿಲ್ಲ. ತಪ್ಪು ಅವಳದ್ದಲ್ಲ, ನನ್ನ ಲೆಕ್ಕವೇ ತಪ್ಪಿತ್ತು. ಒಂದು ಕೆಲಸ ಮಾಡುವ. ಹಿನ್ನೆಲೆಯ ಚಿತ್ರ ಯಾರಿಗೆ ಬೇಕಾದ್ದು ಅವರು ಹಾಕಿಕೊಳ್ಳಲಿ, ಬೈಕೋ, ದೇವರೋ. ಆದ್ರೆ ನಾಲ್ಕು ಮೂಲೆ ಯಾರೂ ಮುಟ್ಲಿಕ್ಕಿಲ್ಲ. ಚಿತ್ರ ಅವರವರದ್ದು, ಜಾಗ ಎಲ್ಲರದ್ದು. ಒಂದು ತಿಂಗಳು ಕೊಡಿ. ಮಕ್ಕಳಿಗೆ ಉಪಯೋಗ ಇಲ್ಲ ಅಂತ ಕಂಡ್ರೆ ನಾನೇ ತೆಗೀತೇನೆ.”

ಲಾರಿಯ ಧಣಿ, “ಆಯ್ತು, ನೋಡುವ” ಎಂದು ಕೂತರು. ಹೆಡ್ಮಾಸ್ಟ್ರು ಸಭೆ ಮುಗಿದ ಮೇಲೆ ಬಾಪನಿಗೂ ಟೀಚರಿಗೂ ಒಟ್ಟಿಗೇ ಹೇಳಿದರು: ತಿಂಗಳು ಕಳೆದು ತಾವೇ ಬಂದು ಪರೀಕ್ಷೆ ಮಾಡುತ್ತಾರೆ. ನಾನು ಯಾವುದೇ ಕಂಪ್ಯೂಟರಿನಲ್ಲಿ, ಯಾರ ಸಹಾಯವೂ ಇಲ್ಲದೆ, ಓದಿ ಬರೆದು ತೋರಿಸಿದರೆ ಇಲ್ಲಿಯೇ ಇರಬಹುದು. ಇಲ್ಲವಾದರೆ ವಸತಿ ಶಾಲೆಯ ಮಾತನ್ನು ಇನ್ನು ಮುಂದೂಡುವುದು ಬೇಡ.

ಆ ತಿಂಗಳು ಟೀಚರ್ ಒಂದು ಆಟ ಶುರು ಮಾಡಿದರು. ಕ್ಲಾಸಿನ ಮೊದಲಿಗೆ ಎಲ್ಲರೂ ಕಣ್ಣು ಮುಚ್ಚಬೇಕು. ಅವರು “ಲೆಕ್ಕ!” ಎಂದು ಕೂಗಿದ ಕೂಡಲೇ ಮೌಸನ್ನು ಮೂಲೆಗೆ ಎಸೆದು ತೆರೆಯಬೇಕು. ಮೊದಲ ದಿನ ಎಲ್ಲರಿಗಿಂತ ಮೊದಲು ತೆರೆದವಳು ನಾನು. ಎರಡನೆಯ ದಿನವೂ. ಬೈಕಿನ ಲೀಡರನಿಗೆ ತಡೆಯಲಾಗಲಿಲ್ಲ. ಬಿಡುವಿನಲ್ಲಿ ಬಂದು, “ನೀನು ಹೇಗೆ ಮಾಡುದು ಮಾರಾಯ್ತಿ? ಮಣಿಗಂಟನ್ನ ತಿರುಗಿಸ್ತೀಯಾ, ತೋಳನ್ನಾ?” ಎಂದು ಕೇಳಿದ. ಮಣಿಗಂಟು ಎಂದೆ. ಆ ದಿನದಿಂದ ಅವನೂ ಅಭ್ಯಾಸ ಮಾಡಿದ. ಅವನು ನನ್ನನ್ನು ಸೋಲಿಸಿದ ದಿನ ಇಡೀ ಕ್ಲಾಸು ಕುಣಿಯಿತು, ನಾನೂ ನಕ್ಕೆ. ಯಾರೂ ನನ್ನನ್ನು ಪಾಪ ಎಂದು ಗೆಲ್ಲಿಸುತ್ತಿರಲಿಲ್ಲ ಎಂಬುದು ಅವತ್ತು ಖಾತ್ರಿಯಾಯಿತು. ಎಂಟನೆಯವರು, ಅಲ್ಲಿಯವರೆಗೂ ಮೌಸು ಹಿಡಿಯಲು ಹೆದರುತ್ತಿದ್ದ ಚಿಕ್ಕವರು, ಯಾರನ್ನೂ ಕೇಳದೆ ತಾವೇ ಪಾಠ ತೆರೆಯತೊಡಗಿದರು. ನನ್ನ ಹೆಸರಿನಲ್ಲಿ ಒಳಗೆ ಹೋದರೆ ಅದೇ ಮೂಲೆಗಳು, ಅದರ ಜೊತೆಗೆ ಟೀಚರ್ ನನಗೆಂದು ಸೇರಿಸಿದ ದೊಡ್ಡ ಅಕ್ಷರ, ಕಪ್ಪು ಹಿನ್ನೆಲೆ. ನಾನು ಎಲ್ಲಿ ಕೂತರೆ ಅಲ್ಲಿಗೆ ಅವು ಸರ್ವರಿನಿಂದ ನನ್ನ ಹಿಂದೆ ಬರುತ್ತಿದ್ದವು.

ಪರೀಕ್ಷೆಯ ದಿನ ಬಾಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದರು. ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು. ಹಬ್ಬವಲ್ಲದ ದಿನ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹೆಡ್ಮಾಸ್ಟ್ರು ಲ್ಯಾಬಿನ ಒಳಗೆ ಒಂದು ಸುತ್ತು ಹಾಕಿ, ಕಟ್ಟಕಡೆಯ ಸಾಲಿನ ಹಳೆಯ ದಪ್ಪ ಪರದೆಯ ಕಂಪ್ಯೂಟರನ್ನು ತೋರಿಸಿದರು. “ಇದರಲ್ಲಿ ಮಾಡು.” ಕಿಟಕಿಗಳ ಹೊರಗೆ ನಮ್ಮ ಕ್ಲಾಸಿನವರೆಲ್ಲ ಜಮಾಯಿಸಿದ್ದರು.

ನಾನು ಹೆಸರು ಹಾಕಿದೆ. ಪಾಸ್‌ವರ್ಡ್ ಹಾಕಿದೆ. ಕಾದೆ. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಪರದೆ ಬೆಳಗಿತು, ಆದರೆ... ನನ್ನ ದೊಡ್ಡ ಅಕ್ಷರಗಳು ಬರಲಿಲ್ಲ. ಕಪ್ಪು ಹಿನ್ನೆಲೆಯೂ ಇಲ್ಲ. ನಡುವೆ ಬರೀ ಬೆಳ್ಳನೆಯ ಮಂಜು. ಟೀಚರ್ ಒಂದು ಹೆಜ್ಜೆ ಮುಂದೆ ಬಂದರು. ರಬ್ಬರಿನ ವಾಸನೆ ಹತ್ತಿರವಾಯಿತು.

“ನೀವು ಬೇಡ ಟೀಚರ್” ಎಂದರು ಹೆಡ್ಮಾಸ್ಟ್ರು.

ವಾಸನೆ ಹಿಂದೆ ಸರಿಯಿತು. ನಾನು ಪರದೆಯ ನಡುವನ್ನು ನೋಡುವುದನ್ನು ಬಿಟ್ಟೆ. ಕಣ್ಣನ್ನು ಓರೆ ಮಾಡಿ ಅಂಚಿನ ಕಡೆ ತಿರುಗಿಸಿದೆ. ಇದ್ದವು! ನಾಲ್ಕು ಮೂಲೆಯಲ್ಲೂ ನಾಲ್ಕು ಕಪ್ಪು ಚೌಕ. ಕೆಳಗೆ ಬಲಕ್ಕೆ ಮೌಸನ್ನು ಎಸೆದೆ. ‘ಓದು’ ತೆರೆಯಿತು. ಅಕ್ಷರ ಹಿಗ್ಗಿಸುವ ಕೀಲಿಗಳನ್ನು ಒತ್ತಿದೆ, ಮತ್ತೆ ಒತ್ತಿದೆ, ಅವು ಅಂಗೈಯಷ್ಟಾಗುವವರೆಗೆ ಒತ್ತಿದೆ. ಹೆಡ್ಮಾಸ್ಟ್ರು ಸಮಾಜ ಪಾಠದ ಒಂದು ಪುಟ ಹೇಳಿದರು. ತಲೆಯನ್ನು ಒಂದು ಬದಿಗೆ ವಾಲಿಸಿ ಸಾಲು ಸಾಲಾಗಿ ಗಟ್ಟಿಯಾಗಿ ಓದಿದೆ. ಒಂದು ಕಡೆ ತಡವರಿಸಿದೆ, ಹಿಂದೆ ಹೋಗಿ ಸರಿ ಮಾಡಿಕೊಂಡೆ.

“ಬಾಯಿಪಾಠ ಇರ್ಬಹುದು” ಎಂದು ಅವರು ತಮ್ಮಷ್ಟಕ್ಕೇ ಅಂದುಕೊಂಡ ಹಾಗೆ ಹೇಳಿದರು. “ಈಗ ನಿನ್ನದೇ ಎಂತಾದ್ರೂ ಬರಿ. ಯಾರೂ ಹೇಳಿಕೊಡದ್ದು.”

ಎಡಕ್ಕೆ ಮೇಲೆ ಎಸೆದೆ. ‘ಬರೆ’ ತೆರೆಯಿತು. ಏನು ಬರೆಯುವುದೆಂದು ಯೋಚಿಸಲಿಲ್ಲ, ಬೆರಳುಗಳೇ ಹೊರಟವು. ನನ್ನ ಕೈಬರಹ ಆಗ ನನಗೇ ಓದಲಾಗದಷ್ಟು ಕೆಟ್ಟುಹೋಗಿತ್ತು. ಹಾಗಾಗಿ ಬಾಪ ನಾನು ಬರೆದದ್ದನ್ನು ಓದಿ ಎಷ್ಟೋ ಕಾಲವಾಗಿತ್ತು. ಅವರು ಕೂತಲ್ಲಿಂದ ಎದ್ದು ಬಂದು ನನ್ನ ಹಿಂದೆ ನಿಂತರು. ಅವರದು ಅಕ್ಷರ ಕೂಡಿಸಿ ಓದುವ ಓದು. ದೊಡ್ಡದಾಗಿಯೇ ಓದಿದರು:

“ನಮ್ಮ ಅಂಗಡಿಯಲ್ಲಿ ಯಾವ ವಸ್ತುವೂ... ತನ್ನ ಜಾಗ ಬಿಟ್ಟು... ಹೋಗುವುದಿಲ್ಲ. ನನಗೂ ಹೋಗಲು... ಇಷ್ಟವಿಲ್ಲ.”

ಓದಿ ನಿಲ್ಲಿಸಿದರು. ನನ್ನ ತಲೆಯ ಮೇಲೆ ಕೈಯಿಟ್ಟರು. ಹೆಡ್ಮಾಸ್ಟ್ರು, “ಹೋಗುದು ಬೇಡ. ಇಲ್ಲೇ ಇರ್ಲಿ. ನಮ್ಮ ಮಗು ಅಲ್ವಾ” ಎಂದರು.

ಕಿಟಕಿಯ ಹೊರಗೆ ಎದ್ದ ಕೂಗು ಪೇಟೆಯವರೆಗೆ ಕೇಳಿಸಿರಬೇಕು. ಬೈಕಿನ ಲೀಡರನ ಸ್ವರವೇ ಎಲ್ಲಕ್ಕಿಂತ ಮೇಲೆ. ಟೀಚರ್ ಮಾತ್ರ ಆ ಗದ್ದಲದಲ್ಲಿ ಮೇಜಿನ ಅಡಿಗೆ ನುಗ್ಗಿದ್ದರು. ಎದ್ದು ಬಂದಾಗ ಕೈಯಲ್ಲಿ ಒಂದು ವಯರು. “ಸಡಿಲ ಆಗಿದೆ! ಸರ್ವರಿಗೆ ಸಂಬಂಧವೇ ಇರ್ಲಿಲ್ಲ ಇದಕ್ಕೆ!” ಎಂದು ನಗತೊಡಗಿದರು. ಸರ್ವರು ಸಿಗದ ದಿನ ಮಕ್ಕಳು ಏನು ಮಾಡುತ್ತಾರೆಂದು ಯೋಚಿಸಿ ಅವರು ಅದೇ ಮಾದರಿಯನ್ನೂ ಪಾಠಗಳನ್ನೂ ಪ್ರತಿ ಕಂಪ್ಯೂಟರಿನೊಳಗೆ ಬೇರೆ ಬೇರೆಯಾಗಿ ಕೂರಿಸಿದ್ದರು. ನನ್ನ ಹೆಸರಿನ ಸವಲತ್ತು ಒಂದೂ ಇಲ್ಲದೆ, ಎಲ್ಲರಿಗೂ ಸಿಗುವ ಪರದೆಯಿಂದಲೇ ನಾನು ಗೆದ್ದಿದ್ದೆ. ಅದನ್ನು ಅವರು ಹೆಡ್ಮಾಸ್ಟ್ರಿಗೆ ಬಿಡಿಸಿ ಹೇಳುವಾಗ, ನಗುವಿನ ನಡುವೆ ಮಲಯಾಳವೂ ಸೇರಿ, ಅವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. ಬಾಪನಿಗೆ ಪೂರ್ತಿ ಅರ್ಥವಾಯಿತು. “ನಮ್ಮ ಅಂಗಡಿ ಹಾಗೆಯೇ ಮಾಡಿದ್ದೀರಿ ಅಲ್ವಾ ಟೀಚರ್?” ಎಂದರು. “ಹೌದು, ನಿಮ್ಮಿಂದ ಕದ್ದದ್ದೇ” ಎಂದರು ಅವರು. ಬಾಪ ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳುವುದನ್ನು ಶುರು ಮಾಡಿದರು. ಇನ್ನೂ ನಿಲ್ಲಿಸಿಲ್ಲ.

ಆಮೇಲಿನದ್ದು ಬೇಗ ಬೇಗ ನಡೆದ ಹಾಗೆ ನೆನಪು. ಪೋಷಕರ ಮುಂದಿನ ಸಭೆಯಲ್ಲಿ ಲಾರಿಯ ಧಣಿಯೇ ಎದ್ದು, ಮೂಲೆಗಳನ್ನು ತೆಗೆಯುವುದು ಬೇಡ, ತನ್ನ ಮಗ ಈಗ ಬೈಕು ನೋಡುವುದು ಬಿಟ್ಟು ಲೆಕ್ಕ ಮಾಡುತ್ತಾನೆ ಎಂದರು. ಬೇರೆ ಶಾಲೆಯವರು ನೋಡಲು ಬಂದರು. ಟೀಚರ್ ಭಾನುವಾರಗಳಲ್ಲಿ ಚರ್ಚಿನಿಂದ ನೇರವಾಗಿ ಹೊರಟು ಸುಳ್ಯದ ಕಡೆಯ ಶಾಲೆಗಳಿಗೆ ಹೋಗುತ್ತಿದ್ದರು, ಮರ್ಕಂಜಕ್ಕೆ, ಅರಂತೋಡಿಗೆ. ಸ್ಕೂಟರಿನಲ್ಲಿ ಅಷ್ಟು ದೂರ ಯಾಕೆ ಎಂದು ಕೇಳಿದರೆ, “ಇವಳ ಹಾಗೆ ಅಲ್ಲಿಯೂ ಒಬ್ಬಳು ಸುಮ್ಮನೆ ಮೌಸು ಹಿಡ್ಕೊಂಡು ಕೂತಿರ್ಬಹುದು” ಎನ್ನುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯನ್ನು ನನ್ನ ಶಾಲೆಯಿಂದಲೇ, ನನ್ನ ಗೆಳತಿಯರ ಜೊತೆಯಲ್ಲೇ ಮುಗಿಸಿದೆ. ಪ್ರಥಮ ದರ್ಜೆ. ಮುಂದೆ ಪುತ್ತೂರಿನಲ್ಲಿ ಕಾಲೇಜು, ಮದುವೆ, ಈಗ ಸುಳ್ಯದ ಸಹಕಾರಿ ಸಂಘದಲ್ಲಿ ಕೆಲಸ. ಕಳೆದ ವರ್ಷ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದಾಗ ಎಲ್ಲರ ಪರದೆಯೂ ಒಂದೇ ತರಹ ಇರಲಿ ಎಂದು ಕಾರ್ಯದರ್ಶಿಗೆ ಹೇಳಿದವಳು ನಾನು. ಒಪ್ಪಿದರು. ಈಗ ರಜೆ ಹಾಕಿದವರ ಮೇಜಿನಲ್ಲಿ ಯಾರು ಬೇಕಾದರೂ ಕೂತು ಕೆಲಸ ಮಾಡುತ್ತಾರೆ.

ಟೀಚರ್ ತೀರಿಕೊಂಡ ಸುದ್ದಿ ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಬಂದಾಗ ನಾನು ಬಾಣಂತಿ. ಕಾಯಿಲೆಯಾಗಿತ್ತೆಂದು ಯಾರಿಗೂ ಹೇಳಿರಲಿಲ್ಲವಂತೆ. ಬಾಪ ಹೋಗಿ ಬಂದರು. ನನಗೆ ಹೋಗಲಾಗಲಿಲ್ಲ. ಆಮೇಲೆ ಮಗು, ಕೆಲಸ... ಹೀಗೆ ದಿನಗಳು ಹೋದವು.

ಬೆಂಗಳೂರಿನಿಂದ ಮರಳುವಾಗ ನಾನು ನೆಲ್ಯಾಡಿಯಲ್ಲಿ ಇಳಿದೆ. ರಿಕ್ಷಾದವರಿಗೆ “ಕಂಪ್ಯೂಟರ್ ಟೀಚರ್ ಮನೆ” ಎಂದದ್ದೇ ಸಾಕಾಯಿತು. ಅವರ ಅತ್ತಿಗೆ ಬಾಗಿಲಿಗೆ ಬಂದು, ನಾನು ಯಾರೆಂದು ಹೇಳಿದಾಗ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬೇಯಿಸಿದ ಮರಗೆಣಸು, ಹಾಲು ಹಾಕದ ಕಟ್ಟಂಚಾಯ ಕೊಟ್ಟರು. ಆಮೇಲೆ ಚರ್ಚಿನ ಹಿಂದಿನ ಸಮಾಧಿಗಳ ಹತ್ತಿರ ಕರೆದೊಯ್ದರು. ಬಿಸಿಲು ಚೆನ್ನಾಗಿತ್ತು. ಕಲ್ಲಿನ ಮೇಲಿನ ಬರಹ ಮಲಯಾಳದಲ್ಲಿತ್ತು. ಓರೆಗಣ್ಣಿನಿಂದ ಅಕ್ಷರಗಳು ಕಂಡರೂ ನನಗೆ ಓದಲು ಬರುವುದಿಲ್ಲ. ಅತ್ತಿಗೆ ಓದಿ ಹೇಳಿದರು. ಮನೆತನದ ಹೆಸರು, ಅವರ ಹೆಸರು. ನಾವ್ಯಾರೂ ಒಮ್ಮೆಯೂ ಕರೆಯದ ಹೆಸರು.

“ಟೀಚರ್ ಅಂತ ಬರೀಲಿಲ್ವಾ?” ಎಂದು ಕೇಳಿದೆ.

“ಇಲ್ಲ. ಬರೀಬೇಕಿತ್ತು ಅಲ್ವಾ?”

ಮುಖಗಳು ಕಾಣದ್ದರಿಂದ ನಾನು ಎಲ್ಲಿ ಹೋದರೂ ಮೊದಲು ಕರೆದು ನೋಡುವವಳು. ಅಲ್ಲಿಯೂ ಬಾಯಿಂದ ತಾನಾಗಿ ಬಂತು, ಗಟ್ಟಿಯಾಗಿಯೇ ಬಂತು: “ಟೀಚರ್.”

ಆ ಪದಕ್ಕೆ “ಆಂ, ಬಾ ಮೋಳೇ” ಎಂಬ ಉತ್ತರ ಬರದೇ ಹೋದದ್ದು ಅದೇ ಮೊದಲು.